ಪೆಟ್ರೋಲ್ ಮುಚ್ಚಳದ ಮೇಲಿನ ಗಂಧ

ಕಾದ ಇಂಜಿನ್ನಿನ ಮೇಲೆ ಒದ್ದೆ ಟವೆಲ್ ಬಿದ್ದಾಗ ಏಳುವ ಹಬೆಗೆ ಅದರದೇ ಒಂದು ವಾಸನೆಯಿದೆ. ಸ್ವಲ್ಪ ಪೆಟ್ರೋಲು, ಸ್ವಲ್ಪ ಹಳೇ ಗ್ರೀಸು, ಜೊತೆಗೆ ರಸ್ತೆಬದಿಯ ಧೂಳು. ಮೊನ್ನೆ ನಾಗಸಂದ್ರ ಮೆಟ್ರೋ ಸ್ಟೇಷನ್ನಿನ ಕೆಳಗೆ ಯಾರೋ ಟೆಂಪೋದ ಬಾನೆಟ್ ಎತ್ತಿ ಒಳಗೆ ಬಟ್ಟೆ ಹಾಸುತ್ತಿದ್ದರು. ಆಫೀಸಿಗೆ ತಡವಾಗಿ ಓಡುತ್ತಿದ್ದ ನಾನು ಅಲ್ಲೇ ನಿಂತೆ. ನೆನಪುಗಳನ್ನು ನಾನು ಸುಲಭಕ್ಕೆ ನಂಬುವವಳಲ್ಲ. ಮನಸ್ಸು ತನಗೆ ಬೇಕಾದ ಸಾಕ್ಷಿಯನ್ನಷ್ಟೇ ಒಳಗೆ ಕರೆದು, ಬೇಡವಾದದ್ದನ್ನು ಹೊರಗೆ ಕೂರಿಸುತ್ತದೆ ಅಂತ ಗೊತ್ತು. ಆದರೆ ನೀವು ಬೆಳೆದ ಮನೆಯೂ ಇವತ್ತು ನಿಂತಿಲ್ಲವಾದರೆ ನಿಮಗೂ ಇದು ಗೊತ್ತಿರುತ್ತದೆ: ಮೂಗು ವಾದ ಮಾಡುವುದಿಲ್ಲ, ಸೀದಾ ಕರೆದುಕೊಂಡು ಹೋಗಿಬಿಡುತ್ತದೆ.

ಪೀಣ್ಯ ಎರಡನೇ ಹಂತದಲ್ಲಿದ್ದ ನಮ್ಮ ಮನೆಗೆ ಅಂಗಳ ಇರಲಿಲ್ಲ, ಶೀಟು ಹೊದಿಸಿದ ಶೆಡ್ಡು ಇತ್ತು. ಶೆಡ್ಡಿನಲ್ಲಿ ಕಬ್ಬಿಣ ಕಡೆಯುವ ತಾತನ ಎರಡು ಲೇತು. ಒಳಗೆ ಬರಬೇಕಾದರೆ ಅವುಗಳ ಪಕ್ಕದಲ್ಲೇ, ಕಬ್ಬಿಣದ ಸುರುಳಿ ಚಪ್ಪಲಿಗೆ ಚುಚ್ಚದಂತೆ ನೋಡಿಕೊಂಡು ಬರಬೇಕು. ಆ ಸದ್ದಿನ ಮೇಲೆ ಮಾತಾಡಿ ಮಾತಾಡಿ ನಮ್ಮ ಮನೆಯವರಿಗೆಲ್ಲ ದೊಡ್ಡ ಗಂಟಲು. ನಾನು ವಾದ ಕಲಿತದ್ದು ಶಾಲೆಯಲ್ಲಲ್ಲ, ಅಲ್ಲೇ ಇರಬೇಕು. ಶೆಡ್ಡಿನ ಮೂಲೆಯಲ್ಲಿ, ಚಾದರ ಹೊದ್ದು, ತಾತನ ಹಸಿರು ಕಾರು ನಿಂತಿರುತ್ತಿತ್ತು. ಅಪ್ಪ ಹುಟ್ಟುವ ಮೊದಲಿನದು. ಗುಂಡು ಬೆನ್ನು, ಬೆಂಚಿನಂಥ ಸೀಟು, ಹಿಂದುಗಡೆ ಬೆಳ್ಳಿ ಬಣ್ಣದ ಪೆಟ್ರೋಲ್ ಮುಚ್ಚಳ. ಪ್ರತಿ ಭಾನುವಾರ ಅದರಲ್ಲಿ ನಾವು ಮೂವರು, ತಾತ, ಅಜ್ಜಿ, ನಾನು, ಹೂಡಿಗೆ ಹೋಗುತ್ತಿದ್ದೆವು. ಹೂಡಿಯಲ್ಲಿ ಅಜ್ಜಿಯ ತಂಗಿ ಪುಟ್ಟಮ್ಮ ಇದ್ದಳು, ನನಗೆ ಚಿಕ್ಕಜ್ಜಿ. ಲಕ್ವ ಹೊಡೆದು ಬಲಗಡೆ ಬಿದ್ದುಹೋಗಿತ್ತು. ಅಜ್ಜಿ ಹೋಗಿ ತಂಗಿಯ ತಲೆಗೆ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಜಡೆ ಹೆಣೆದು ಬರುತ್ತಿದ್ದಳು. ಅಷ್ಟೇ ಕೆಲಸ. ಅಜ್ಜಿಯ ಮಂಡಿಗೆ ಬಸ್ಸಿನ ಮೆಟ್ಟಿಲು ಆಗುತ್ತಿರಲಿಲ್ಲ. ಹೂಡಿ ಅಂದರೆ ಆಟೋದವರು ಮಾತೂ ಆಡದೆ ಮುಂದೆ ಹೋಗುತ್ತಿದ್ದರು. ಆ ಕಾರು ಇದ್ದರೆ ಅಕ್ಕತಂಗಿಯರ ಭೇಟಿ, ಇಲ್ಲದಿದ್ದರೆ ಇಲ್ಲ.

ಎರಡು ವರ್ಷದಿಂದ ಆ ಕಾರಿಗೆ ಒಂದು ರೋಗ ಹತ್ತಿತ್ತು. ಗೊರಗುಂಟೆಪಾಳ್ಯ ದಾಟಿ, ರಿಂಗ್ ರೋಡಿಗೆ ಬಿದ್ದು, ಹೆಬ್ಬಾಳದ ಫ್ಲೈಓವರ್ ಇಳಿದು ಸ್ವಲ್ಪ ದೂರ ಹೋಗುತ್ತಿದ್ದಂತೆ ಇಂಜಿನ್ ಎರಡು ಸಲ ಕೆಮ್ಮಿ, ಎಳೆಯಲಾರದೆ ಎಳೆದು, ನಿಂತುಬಿಡುತ್ತಿತ್ತು. ಕೀ ತಿರುಗಿಸಿದರೆ ಗಿರ್ರ್ ಅನ್ನುವುದು, ಹತ್ತಿಕೊಳ್ಳುತ್ತಿರಲಿಲ್ಲ. ತಾತ ಇಳಿದು, ಬಾನೆಟ್ ಎತ್ತಿ, ಹೆಗಲ ಟವೆಲನ್ನು ಬಾಟಲಿ ನೀರಲ್ಲಿ ನೆನೆಸಿ ಇಂಜಿನ್ನಿನ ಪಕ್ಕದ ಪೆಟ್ರೋಲ್ ಪಂಪಿಗೆ ಸುತ್ತುತ್ತಿದ್ದ. "ಪಂಪು ಕಾದದೆ ಕಣವ್ವ. ಆರ್ಲಿ." ಇಪ್ಪತ್ತು ನಿಮಿಷ. ಲಾರಿಗಳು ಕಾರನ್ನು ಅಲ್ಲಾಡಿಸಿಕೊಂಡು ಹೋಗುತ್ತಿದ್ದವು. ಆಮೇಲೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತಿತ್ತು. ಹಿಂದಿನ ಸೀಟಿನಲ್ಲಿ ಹುರಿಗಾಳಿನ ಡಬ್ಬಿ ತೊಡೆಮೇಲಿಟ್ಟುಕೊಂಡ ಅಜ್ಜಿ ಪ್ರತಿ ಸಲ ಒಂದೇ ಮಾತು ಹೇಳುತ್ತಿದ್ದಳು: "ಪುಟ್ಟಿ ಬಾಗಿಲಲ್ಲೇ ಕುರ್ಚಿ ಆಕಿಸ್ಕೊಂಡು ಕೂತಿರ್ತಾಳೆ."

ಆಗ ನಾನು ಏಳನೇ ಕ್ಲಾಸು. ಚರ್ಚಾಸ್ಪರ್ಧೆಯಲ್ಲಿ ಒಂದಾದಮೇಲೊಂದು ಕಪ್ಪು ಗೆದ್ದು ತಂದು ಕೊಬ್ಬಿದ್ದೆ. ಎದುರಾಳಿಯ ಮಾತು ಸುಳ್ಳಾಗಬೇಕಾದರೆ ಏನು ಕಾಣಬೇಕು ಅಂತ ಮೊದಲು ಯೋಚಿಸು ಎಂದು ನಮ್ಮ ಮೇಡಂ ಹೇಳಿಕೊಟ್ಟಿದ್ದರು. ಸಿಕ್ಕ ಎದುರಾಳಿ ತಾತ.

"ಕಾದಿದ್ದಕ್ಕೇ ನಿಲ್ಲೋದಾದ್ರೆ ಧನುರ್ಮಾಸದ ಬೆಳಿಗ್ಗೆ ಯಾಕೆ ನಿಲ್ತು ತಾತ? ಅವತ್ತು ನೀನು ಮಫ್ಲರ್ ಸುತ್ಕೊಂಡಿದ್ದೆ."

"ನಾನು ಮಫ್ಲರ್ ಸುತ್ಕೊಂಡ್ರೆ ಇಂಜಿನ್‌ಗೇನು ಲಾಯರಮ್ಮ? ಅದರ ಬಿಸಿ ಅದಕ್ಕೆ."

"ಬಟ್ಟೆ ಹಾಕ್ದೆ ಬರೀ ಇಪ್ಪತ್ತು ನಿಮಿಷ ಸುಮ್ನಿದ್ರೂ ಸ್ಟಾರ್ಟ್ ಆಗುತ್ತೇನೋ. ಒಂದ್ಸಲನಾದ್ರೂ ನೋಡಿದೀಯಾ?"

"ಇವಳನ್ನ ಕಟ್ಕೊಳೋನು ಒಂದು ಮಾತಾಡೋಕೆ ಅರ್ಧ ದಿನ ರಜಾ ಆಕ್ಬೇಕು" ಅಂದಳು ಹಿಂದಿನಿಂದ ಅಜ್ಜಿ.

ಮನೆಗೆ ಬಂದರೆ ಬಸಣ್ಣ ಕಾಯುತ್ತಿದ್ದ. ಗದಗದ ಕಡೆಯವನು, ತಾತನ ಎರಡನೇ ಲೇತು ಅವನ ಕೈಯಲ್ಲಿ, ವಾಸ ನಮ್ಮದೇ ಹಿಂದಿನ ರೂಮು. "ಇವತ್ತ ಎಲ್ಲಿ ಮುನಿಸ್ಕೊಂಡಿತ್ರೀ ಯಜಮಾನ್ರ, ನಿಮ್ಮ ಹಸಿರು ಸೀರಿಯಾಕಿ?" ಎಲ್ಲರೂ ನಗುತ್ತಿದ್ದೆವು, ಅಪ್ಪನೊಬ್ಬನನ್ನು ಬಿಟ್ಟು. ಅಪ್ಪನಿಗೆ ಹತ್ತಿರದ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್ ಕೆಲಸ. ಅಪಾಯ ಎಲ್ಲಿದೆ ಅಂತ ಹುಡುಕುವುದಕ್ಕೇ ಅವನಿಗೆ ಸಂಬಳ. ಒಂದು ಸಂಜೆ ಕಾಫಿ ಲೋಟ ಕೆಳಗಿಟ್ಟು ಹೇಳಿದ: "ಅಪ್ಪ, ಇನ್ನೊಂದ್ಸಲ ದಾರೀಲಿ ನಿಂತ್ರೆ ಗುಜರಿಗೆ ಕೊಟ್ಬಿಡೋಣ. ರಿಂಗ್ ರೋಡಲ್ಲಿ ಹಿಂದಿಂದ ಲಾರಿ ಬಂದ್ರೆ ಏನ್ಮಾಡ್ತೀರಾ?" ಅಜ್ಜಿ ಒಲೆಯ ಕಡೆ ತಿರುಗಿಕೊಂಡಳು. ಅವತ್ತಿನಿಂದ ನನ್ನ ವಾದಕ್ಕೆ ಕಾರಣ ಸಿಕ್ಕಿತು.

ಸುಳಿವು ನನ್ನ ಹತ್ತಿರವೇ ಇತ್ತು. ಹಿಂದೊಂದು ಭಾನುವಾರ ಹೆಬ್ಬಾಳದ ಹತ್ತಿರ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿದ್ದೆವು. ಅವತ್ತು ಸುಡುಬಿಸಿಲು, ಆದರೂ ಕಾರು ನಿಲ್ಲದೆ ಹೂಡಿ ಮುಟ್ಟಿತ್ತು. ಬಿಸಿಯೇ ಕಾರಣವಾದರೆ ಅವತ್ತು ನಿಲ್ಲಲೇಬೇಕಿತ್ತು. ಅವತ್ತು ಬೇರೆಯಾಗಿದ್ದದ್ದು ಒಂದೇ: ದಾರಿಯಲ್ಲಿ ಮುಚ್ಚಳ ತೆಗೆದಿದ್ದೆವು. ಮುಂದಿನ ಭಾನುವಾರ ಕಾರು ಎಂದಿನ ಜಾಗದಲ್ಲಿ ಕೆಮ್ಮಿ ನಿಂತಾಗ ತಾತನ ಕೈ ಹಿಡಿದುಕೊಂಡೆ. ಟವೆಲ್ ಬೇಡ, ಕಾಯುವುದೂ ಬೇಡ, ಮುಚ್ಚಳ ಒಂದನ್ನೇ ತೆಗೆಯುತ್ತೇನೆ ಅಂದೆ. ತಿರುಗಿಸಿದೆ. ಉಸ್ಸ್ ಅಂತ, ಯಾರೋ ಎಷ್ಟೋ ಹೊತ್ತಿನಿಂದ ಬಿಗಿಹಿಡಿದ ಉಸಿರನ್ನು ಎಳೆದುಕೊಂಡ ಹಾಗೆ, ಟ್ಯಾಂಕು ಗಾಳಿ ಕುಡಿಯಿತು. "ಈಗ ಕೀ ತಿರುಗ್ಸು." ಒಂದೇ ಸಲಕ್ಕೆ ಹತ್ತಿಕೊಂಡಿತು.

ಮುಚ್ಚಳ ಹಿಡಿದು ನೋಡಿದೆ. ನಟ್ಟನಡುವೆ ಒಂದು ಗುಳಿ. ಗುಳಿಯಲ್ಲಿ, ಪೆಟ್ರೋಲ್ ಖಾಲಿಯಾದಂತೆ ಒಳಕ್ಕೆ ಗಾಳಿ ಹೋಗಲು ಸೂಜಿಮೊನೆಯಷ್ಟು ತೂತು ಇರಬೇಕಾದ ಜಾಗ. ಅಲ್ಲಿ ತೂತಿರಲಿಲ್ಲ. ಗಂಧ, ಕುಂಕುಮ, ಅದರ ಮೇಲೆ ಇನ್ನೊಂದು ವರ್ಷದ ಗಂಧ, ಇನ್ನೊಂದು ವರ್ಷದ ಕುಂಕುಮ ಕಲ್ಲಾಗಿ ಕೂತಿದ್ದವು. ಗಾಳಿ ಹೋಗದಿದ್ದರೆ ಪೆಟ್ರೋಲ್ ಇಂಜಿನ್ನಿಗೆ ಹರಿಯುವುದಿಲ್ಲ; ಇಪ್ಪತ್ತು ನಿಮಿಷ ನಿಂತಾಗ ಸಂದಿನಿಂದ ಅಷ್ಟಿಷ್ಟು ನುಸುಳುತ್ತಿತ್ತು, ಅಷ್ಟೇ. ಆಯುಧಪೂಜೆಯ ದಿನ ನಮ್ಮಲ್ಲಿ ಲೇತಿನಿಂದ ಹಿಡಿದು ಸ್ಪ್ಯಾನರಿನವರೆಗೆ ಎಲ್ಲಕ್ಕೂ ಬೊಟ್ಟು. ಇಟ್ಟದ್ದನ್ನು ಕೈಯಾರೆ ಒರೆಸಬಾರದು, ತಾನಾಗೇ ಉದುರಬೇಕು. ಕಾರಿಗೆ ಇಡುವ ಹಕ್ಕು ಅಜ್ಜಿಯದು. ಮುಚ್ಚಳದ ನಡುವೆ, ಹಣೆಗೆ ಇಟ್ಟ ಹಾಗೆ, ಉಂಗುರದ ಬೆರಳಿನಿಂದ ಒತ್ತಿ ಇಡುತ್ತಿದ್ದಳು.

"ಅಂದ್ರೆ ಅಜ್ಜಿ, ಎರಡು ವರ್ಷದಿಂದ ಗಾಡಿ ನಿಲ್ಲಿಸ್ತಿದ್ದೋಳು ನೀನೇ."

ಅಜ್ಜಿ ನಗುತ್ತಾಳೆ ಅಂದುಕೊಂಡಿದ್ದೆ. ಅವಳು ತನ್ನ ಬೆರಳು ನೋಡಿಕೊಂಡಳು. "ಅದು ಗಾಡಿ ಒಟ್ಟೆ ಅಲ್ವಾ," ಅಂದಳು ಮೆಲ್ಲಗೆ, "ಅದಕ್ಕೆ ಇಡ್ದೆ ಇನ್ನೆಲ್ಲಿ ಇಡ್ಲಿ?"

ತಾತ ಮುಚ್ಚಳ ಇಸಕೊಂಡು ಅಂಗೈಯಲ್ಲಿ ತಿರುಗಿಸಿದ. "ನಿಮ್ಮಪ್ಪಂಗೆ ಸರಿಯೋಯ್ತು ಅಂತ ಏಳು ಸಾಕು. ಇದೆಲ್ಲ ಬ್ಯಾಡ." ಸೋತದ್ದಕ್ಕೆ ನಾಚಿಕೆ ಅಂದುಕೊಂಡೆ ನಾನು. ಅವನಿಗೆ ಗಂಧ ಕೆರೆದು ಹಾಕಲೂ ನಾನು ಬಿಡಲಿಲ್ಲ, ಸಾಕ್ಷಿ ಅಳಿಸಬಾರದಲ್ಲ. ಮುಚ್ಚಳವನ್ನು ಸಡಿಲವಾಗಿ ಹಾಕಿಕೊಂಡು ಹೂಡಿಗೆ ಹೋಗಿ, ಎಲ್ಲೂ ನಿಲ್ಲದೆ ಮನೆಗೆ ಬಂದೆವು.

ಸಂಜೆ ಶೆಡ್ಡಿನಲ್ಲಿ, ಬಸಣ್ಣನೂ ಇದ್ದಾಗ, ಅಪ್ಪನ ಕೈಗೆ ಮುಚ್ಚಳ ಕೊಟ್ಟು ನನ್ನ ವಾದ ಮಂಡಿಸಿದೆ. ಅಪ್ಪ ಬೆಳಕಿಗೆ ಹಿಡಿದು ನೋಡಿದ. "ಇದೇನಿದು, ಸುತ್ತ ಚುಚ್ಚಿರೋದು?" ಆಗ ನಾನೂ ನೋಡಿದೆ. ಗಟ್ಟಿ ಗಂಧದ ಮೇಲೆ ಸೂಜಿಯ ಗುರುತುಗಳು. ಹತ್ತಿಪ್ಪತ್ತು ಇದ್ದವು. ಗುಳಿಯ ಅಂಚಿಗೆ, ಆಚೆಗೆ, ಈಚೆಗೆ. ನಡುವೆ ಮಾತ್ರ ಒಂದೂ ಇಲ್ಲ. ಅಪ್ಪ ತಾತನ ಮುಖ ನೋಡಿದ.

"ನೀವು ಚುಚ್ಚಿದ್ದಾ ಅಪ್ಪ?"

ಬಸಣ್ಣ ನೆಲ ನೋಡತೊಡಗಿದ. ಅಳತೆ ನೋಡುವ ಕೆಲಸವನ್ನೆಲ್ಲ ತಾತ ಅವನಿಗೆ ಬಿಟ್ಟು ಎರಡು ವರ್ಷವಾಗಿತ್ತು ಅನ್ನುವುದು ನನಗೆ ಹೊಳೆದದ್ದು ಆಮೇಲೆ.

ತಾತ ಹೇಳಿದ: "ಪೂಜೆ ಮಾರ್ನೆ ದಿನ ವರ್ಷಾ ವರ್ಷಾ ನಾನೇ ಸೂಜಿ ತಗೊಂಡು ಬಿಡಿಸ್ತಿದ್ದೆ. ಅವಳ್ಗೆ ಏಳಿರ್ಲಿಲ್ಲ, ಬೇಜಾರ್ ಮಾಡ್ಕೋತಾಳೆ ಅಂತ. ಎಲ್ಡು ವರ್ಷದಿಂದ ತೂತು ಕಾಣಾಕಿಲ್ಲ. ಬಿಡಿಸಿದೀನಿ ಅಂದ್ಕೊಂಡಿದ್ದೆ." ಆಮೇಲೆ ಬಾಗಿಲಲ್ಲಿ ನಿಂತಿದ್ದ ಅಜ್ಜಿಯ ಕಡೆ ತಿರುಗಿ, "ನಿನ್ ತಪ್ಪಲ್ಲ ಕಣೆ," ಅಂದ.

ಅಪ್ಪ ಕೈ ಚಾಚಿದ. ತಾತ ಜೇಬಿನಿಂದ ಕೀ ತೆಗೆದು ಇಟ್ಟ. ಇಬ್ಬರೂ ದನಿ ಏರಿಸಲಿಲ್ಲ.

ಕಣ್ಣಿನ ಡಾಕ್ಟರು, ನರ ಒಣಗಿದೆ, ಹೋದದ್ದು ವಾಪಸ್ ಬರುವುದಿಲ್ಲ ಅಂದರು. ಅಪ್ಪ ಮಾಡಿದ್ದು ಸರಿ. ಇವತ್ತು ಯಾರಾದರೂ ಆ ವಿಷಯ ಕೊಟ್ಟು ಪರವಾಗಿ ಮಾತಾಡು ಅಂದರೂ ಮಾತಾಡಬಲ್ಲೆ: ಕಣ್ಣು ಮಂಜಾದವರು ರಿಂಗ್ ರೋಡಿನಲ್ಲಿ ಕಾರು ಓಡಿಸಬಾರದು. ನಾನು ಹೇಳಿದ್ದೂ ಸರಿ, ತೂತು ಮುಚ್ಚಿತ್ತು. ತಾತ ಎರಡು ವರ್ಷ ಸುಮ್ಮನಿದ್ದದ್ದು ತಪ್ಪು, ಒಪ್ಪುತ್ತೇನೆ. ಆದರೆ ಅವತ್ತು ಮುಚ್ಚಳವನ್ನು ಕೆರೆದು, ಲಂಗದ ಅಂಚಿನಿಂದ ಒರೆಸಿ ಸುಮ್ಮನೆ ಹಾಕಿಬಿಟ್ಟಿದ್ದರೆ, ಅನ್ನುವ ಜಾಗಕ್ಕೆ ಬಂದಾಗ ನನ್ನ ವಾದ ಪ್ರತಿ ಸಲವೂ ಎರಡು ತುಂಡಾಗುತ್ತದೆ. ಒಂದರಲ್ಲಿ ಇನ್ನೂ ಕೆಲವು ಭಾನುವಾರಗಳಿವೆ. ಇನ್ನೊಂದರಲ್ಲಿ ಲಾರಿಯಿದೆ. ಯಾವುದು ನಡೆಯುತ್ತಿತ್ತು ಅಂತ ಹೇಳಲು ನನ್ನ ಹತ್ತಿರ ಪುರಾವೆಯಿಲ್ಲ, ಹೇಳದೆ ಇರಲೂ ಆಗುವುದಿಲ್ಲ.

ಅಪ್ಪ ಎರಡು ಭಾನುವಾರ ಅಜ್ಜಿಯನ್ನು ಕರೆದುಕೊಂಡು ಹೋದ. ಆಮೇಲೆ ಶಿಫ್ಟು ಬದಲಾಯಿತು. ಅಜ್ಜಿ ಫೋನಿನಲ್ಲಿ ಮಾತಾಡುತ್ತಿದ್ದಳು, ಆದರೆ ಲಕ್ವದ ಬಾಯಿಂದ ಬರುವ ಮಾತು ಫೋನಿನಲ್ಲಿ ಅರ್ಥವಾಗುತ್ತಿರಲಿಲ್ಲ; ಇಬ್ಬರೂ ಹೂಂ ಹೂಂ ಅನ್ನುತ್ತಿದ್ದರು. ಮುಂದಿನ ವರ್ಷ ಚಿಕ್ಕಜ್ಜಿ ತೀರಿಕೊಂಡಾಗ ನಾವೆಲ್ಲ ಹೋದೆವು. ನೋಡಿಕೊಳ್ಳುವವರಿಗೆ ಸುಲಭವಾಗಲಿ ಅಂತ ಯಾವಾಗಲೋ ಅವಳ ಕೂದಲನ್ನು ಗಂಡುಮಕ್ಕಳ ಹಾಗೆ ಕತ್ತರಿಸಿಬಿಟ್ಟಿದ್ದರು. ಅಜ್ಜಿ ಆ ತಲೆಯ ಮೇಲೆ ಕೈಯಾಡಿಸಿದಳು.

ಕಾರನ್ನು ಕೊಂಡವನು ಒಂದೇ ಸಲಕ್ಕೆ ಸ್ಟಾರ್ಟ್ ಮಾಡಿಕೊಂಡು ಹೋದ. ತಾತ ಹೋದಮೇಲೆ ಲೇತುಗಳೂ ಹೋದವು, ಬಸಣ್ಣ ಊರಿಗೆ ಹೋದ. ಶೆಡ್ಡು ಇದ್ದ ಜಾಗದಲ್ಲಿ ಈಗ ನಾಲ್ಕಂತಸ್ತಿನ ಗೋದಾಮಿದೆ.

ಹದಿನೆಂಟು ತುಂಬಿದ ತಿಂಗಳೇ ನಾನು ಕಾರು ಓಡಿಸುವುದು ಕಲಿತೆ. ಚಿಕ್ಕಜ್ಜಿ ಹೋಗಿ ಆಗಲೇ ವರ್ಷಗಳಾಗಿದ್ದವು, ಆದರೂ ಲೈಸೆನ್ಸ್ ಬಂದ ಭಾನುವಾರ ಗೆಳತಿಯ ಮನೆಯ ಕಾರು ಕೇಳಿ ತಂದು ಬಾಗಿಲಲ್ಲಿ ನಿಲ್ಲಿಸಿ, ಒಳಗೆ ಬಂದು, "ಅಜ್ಜಿ, ಏಳು, ಹೂಡಿಗೆ ಹೋಗ್ಬರೋಣ," ಅಂದೆ. ಅಜ್ಜಿ ಮೊರದ ಮುಂದೆ ಕೂತು ದಂಟಿನಸೊಪ್ಪು ಬಿಡಿಸುತ್ತಿದ್ದಳು. ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಅವಳು ತಲೆಯೆತ್ತಿ, ನಿಜವಾಗಿಯೂ ಗೊತ್ತಿಲ್ಲದವಳ ಹಾಗೆ ಕೇಳಿದಳು: "ಯಾರ ಮನೆಗೆ ಮಗಾ?"

ಕೀಯನ್ನು ಕಿಟಕಿಯಲ್ಲಿಟ್ಟು ಅವಳ ಎದುರು ಕೂತೆ. ಸೊಪ್ಪಿನ ಅರ್ಧ ಕಟ್ಟನ್ನು ನನ್ನ ಕಡೆ ತಳ್ಳಿದಳು.