ಒಂಟಿ ಸೀಟು

ಆರ್ವಿಡ್ ಟೋರ್ಗರ್ಸನ್ ತೀರಿಕೊಂಡಾಗ ನಮ್ಮ ಬ್ರೆಂಡಲ್ ಊರಿನ ವಾರಪತ್ರಿಕೆಯವರು ಅವನ ಬಗ್ಗೆ ನೂರು ಪದ ಬರೆದುಕೊಡಿ ಎಂದರು. ಬರೆದುಕೊಟ್ಟೆ. ಮೂವತ್ತಾರು ವರ್ಷ ಹಾಲಿನ ಟ್ಯಾಂಕರ್ ಓಡಿಸಿದ, ಲುಥೆರನ್ ಚರ್ಚಿನ ಸದಸ್ಯ, ಮೋಟಾರ್‌ಸೈಕಲ್ ಪ್ರಿಯ, ಹೆಂಡತಿ ಲವಾನ್‌ಳನ್ನು ಅಗಲಿದ್ದಾನೆ. ಅಚ್ಚಾದ ಮೇಲೆ ಓದಿ ನೋಡಿದೆ. ಯಾವುದೂ ಸುಳ್ಳಲ್ಲ, ಆದರೆ ಅದರಲ್ಲಿ ಆರ್ವಿಡ್ ಇರಲಿಲ್ಲ. ಅವನ ಕೊನೆಯ ಬೈಕಿನ ಸುದ್ದಿಯೂ ಇರಲಿಲ್ಲ. ಅದನ್ನು ಬರೆಯದೆ ನನಗೆ ಗತಿಯಿಲ್ಲ, ಏಕೆಂದರೆ ಆ ಬೈಕನ್ನು ಕೊಡಿಸಿದವನು ನಾನು.

ಆರ್ವಿಡ್ ಮಾತಿನ ಮನುಷ್ಯನಲ್ಲ. ನಮ್ಮ ಕಡೆಯ ನಾರ್ವೆ ಮೂಲದ ಮನೆಗಳಲ್ಲಿ ಮಾತನ್ನು ಬೆಣ್ಣೆಯ ಹಾಗೆ ತೆಳ್ಳಗೆ ಸವರುತ್ತಾರೆ. ಬೆಳಗಿನ ನಾಲ್ಕಕ್ಕೆ ಎದ್ದು ಗುಡ್ಡದ ದೊಡ್ಡಿಗಳನ್ನೆಲ್ಲ ಸುತ್ತಿ, ಹಾಲು ತುಂಬಿಕೊಂಡು, ಚೀಸ್ ಕಾರ್ಖಾನೆಗೆ ಸುರಿದು ಬರುವಷ್ಟರಲ್ಲಿ ಅವನ ಬಾಯಿಂದ ಹತ್ತು ಪದ ಬಂದಿದ್ದರೆ ಹೆಚ್ಚು. ಆದರೆ ಭಾನುವಾರ ಲವಾನ್‌ಳನ್ನು ಹಿಂದೆ ಕೂರಿಸಿಕೊಂಡು ಮಿಸಿಸಿಪ್ಪಿ ನದಿಯ ಪಕ್ಕದ ರಸ್ತೆಗೆ ಇಳಿದನೆಂದರೆ ಅವನೇ ಬೇರೆ. ಮುಂದೆ ಕಂಡದ್ದನ್ನೆಲ್ಲ ಕೂಗಿ ಹೇಳುತ್ತಿದ್ದ. "ಹಸು!" "ಸೇತುವೆ!" "ಬಲಗಡೆ ಹದ್ದು, ದೊಡ್ಡದು!" ಒಂದೊಂದು ಕೂಗಿಗೂ ಲವಾನ್ ಅವನ ಬೆನ್ನಿಗೆ ಒಂದು ತಟ್ಟು ತಟ್ಟುತ್ತಿದ್ದಳು. ಕೇಳಿಸಿತು ಎಂದು ಅದರ ಅರ್ಥ. ನಲವತ್ತೊಂದು ವರ್ಷ ಹೀಗೇ ನಡೆಯಿತು.

ಊರಿನವರು ಬಿಡುತ್ತಾರೆಯೇ? ಹೋಟೆಲಿನಲ್ಲಿ ಅವನು ಬಾಗಿಲು ತೆಗೆದೊಡನೆ ಯಾರಾದರೊಬ್ಬರು, "ಆರ್ವಿಡ್ ಬಂದ ಕಣ್ರೋ. ಮೂರು ಮೈಲಿ ಆಚೆ ಹಸು ನಿಂತಿದೆಯಂತೆ, ಹುಷಾರು!" ಎನ್ನುತ್ತಿದ್ದರು. ಅವನು ತಲೆತಗ್ಗಿಸಿ ನಕ್ಕು ಕಾಫಿ ಬಗ್ಗಿಸಿಕೊಳ್ಳುತ್ತಿದ್ದ.

ಎರಡು ವರ್ಷದ ಹಿಂದೆ ಲವಾನ್‌ಗೆ ಶ್ವಾಸಕೋಶ ಗಟ್ಟಿಯಾಗುತ್ತ ಹೋಗುವ ಕಾಯಿಲೆ ಬಂತು. ಮೂಗಿಗೆ ನಳಿಕೆ, ಹೆಗಲಿಗೆ ಚೀಲದಂತೆ ಒಂದು ಪುಟ್ಟ ಆಕ್ಸಿಜನ್ ಯಂತ್ರ. ಹೆಚ್ಚೆಂದರೆ ಎರಡು ವರ್ಷ ಎಂದು ಡಾಕ್ಟರು ಹೇಳಿದ್ದರು. ಬೈಕಿನ ಮಾತೇ ಬೇಡ ಎಂದೂ ಹೇಳಿದ್ದರು. ಆರ್ವಿಡ್ ಒಬ್ಬನೇ ಹೋಗತೊಡಗಿದ. ಆಮೇಲೆ ಅವನು ಕೂಗಿದ್ದನ್ನು ಯಾರೂ ಕೇಳಿಲ್ಲ.

ಕಳೆದ ಚಳಿಗಾಲದ ಮೊದಲು ಅವನ ಹಳೆಯ ಬೈಕಿನ ಎಂಜಿನ್ನೇ ಸೀಳಿಹೋಯಿತು. ಮಾರ್ಚಿ ತಿಂಗಳಲ್ಲಿ, ಹಿಮ ಇನ್ನೂ ಕರಗುತ್ತಿರುವಾಗ, ಹೊಸದು ನೋಡಲು ಪೇಟೆಯ ಷೋರೂಮಿಗೆ ಹೋಗುವುದೆಂದಾಯಿತು. ಕಣ್ಣಿನ ಆಪರೇಷನ್ ಆದ ಮೇಲೆ ನಾನು ನನ್ನ ಬೈಕನ್ನು ಮಾರಿಬಿಟ್ಟಿದ್ದೆ. ಆದರೂ ಅವನು ನನ್ನನ್ನೂ ಕರೆದ. ಹಿಂದಿನ ದಿನ ಲವಾನ್ ಫೋನ್ ಮಾಡಿದಳು.

"ಎಮೆಟ್, ನಾಳೆ ಅವನಿಗೆ ನೀನು ಬೇಸ್ ಮಾಡೆಲ್ಲೇ ಕೊಡಿಸ್ಬೇಕು."

"ಯಾಕೆ?"

"ಮೇಲಿನ ಮಾಡೆಲ್‌ಗೆ ಹಿಂದೆ ಸೀಟಿದೆ, ಒರಗೋ ದಿಂಬಿದೆ. ನಾನು ಅಡುಗೆಮನೆ ಕಿಟಕೀಲಿ ಕೂತು ದಿನಾ ಆ ಖಾಲಿ ಸೀಟು ರಸ್ತೆಗೆ ಹೋಗೋದನ್ನ ನೋಡ್ಬೇಕಾ? ನಾನು ಹೋದ ಮೇಲೂ ಅವನು ಅದನ್ನ ಹೊತ್ಕೊಂಡೇ ತಿರುಗ್ತಾನೆ. ಒಂದೇ ಸೀಟಿಂದು ಕೊಡ್ಸು. ಹಗುರಾಗಿ ಹೋಗ್ಲಿ." ಉಸಿರು ಹಿಡಿಯಲು ನಿಂತಳು. "ನಾನು ಹೇಳಿದೆ ಅಂತ ಬಾಯಿ ಬಿಟ್ಟೀಯ ಮತ್ತೆ."

ಷೋರೂಮಿನಲ್ಲಿ ಎರಡನ್ನೂ ಅಕ್ಕಪಕ್ಕ ನಿಲ್ಲಿಸಿದ್ದರು. ಎಂಜಿನ್ ಒಂದೇ, ಚಕ್ರ ಒಂದೇ. ಬೇಸ್ ಎನ್ನುವುದು ಕಪ್ಪಗೆ, ತಗ್ಗಾಗಿ, ಒಂದೇ ಸೀಟು ಹೊತ್ತು ನಿಂತಿತ್ತು. ಸೀಟಿನ ಹಿಂದೆ ಬರೀ ಮಡ್‌ಗಾರ್ಡ್, ಹಿಂದೆ ಕೂರುವವರ ಕಾಲಿಗೆ ಆಸರೆಯೂ ಇಲ್ಲ. ಇನ್ನೊಂದಕ್ಕೆ ಮುಂದೆ ಗಾಳಿ ತಡೆಯುವ ಗಾಜು, ಎರಡೂ ಬದಿಗೆ ಪೆಟ್ಟಿಗೆ, ಹಿಂದೆ ಅಗಲವಾದ ಮೆತ್ತನೆಯ ಸೀಟು. ಆರ್ವಿಡ್ ನೆಟ್ಟಗೆ ಅದರ ಬಳಿಗೆ ಹೋದ. ಮೊದಲು ಹಿಂದಿನ ಸೀಟನ್ನೇ ಅಂಗೈಯಿಂದ ಒತ್ತಿ ನೋಡಿದ.

ಮಾರಾಟದ ಹುಡುಗಿ ಟೆಸ್ ಚುರುಕಾಗಿದ್ದಳು. "ಮೇಡಂಗೆ ತುಂಬ ಆರಾಮಾಗಿರುತ್ತೆ ಸರ್," ಎಂದಳು.

"ಹೂಂ. ಅವಳ ಸೊಂಟಕ್ಕೆ ಇದು ಸರಿ," ಎಂದ ಆರ್ವಿಡ್.

ನಾನು ಬಾಯಿ ಹಾಕಿದೆ. "ಇದು ಬೇಸ್‌ಗಿಂತ ಎಷ್ಟು ಭಾರ ಗೊತ್ತಾ? ನಿನ್ನ ಮೊಣಕಾಲು ನೋಡ್ಕೊ. ಸಿಗ್ನಲ್‌ನಲ್ಲಿ ವಾಲಿದ್ರೆ ಎತ್ತೋಕೆ ನಾಲ್ಕು ಜನ ಬೇಕು. ನಮ್ಮ ಬೈಕ್ ಗುಂಪಿನವರೆಲ್ಲ ಏನು ಹೇಳ್ತಾರೆ? ಬೇಸ್ ತಗೋ, ಬೇಕಾದ್ದು ಬೇಕಾದಾಗ ಸೇರಿಸ್ಕೋ. ನೀನೇ ಎಷ್ಟು ಜನಕ್ಕೆ ಹೇಳಿಲ್ಲ?"

"ಹಿಂದಿನ ಸೀಟು?" ಎಂದ ಆರ್ವಿಡ್.

"ನಾಲ್ಕು ಬೋಲ್ಟು ಸರ್," ಎಂದಳು ಟೆಸ್. "ಯಾವಾಗ ಬೇಕಾದ್ರೂ ಹಾಕ್ಕೊಡ್ತೀವಿ. ಹದಿನೈದು ನಿಮಿಷ."

ಆರ್ವಿಡ್ ಕೈ ತೆಗೆಯಲಿಲ್ಲ. ಟೆಸ್ ಇನ್ನೊಬ್ಬ ಗಿರಾಕಿಯ ಕಡೆ ಹೋದ ಮೇಲೆ ನನ್ನತ್ತ ನೋಡದೆ ಕೇಳಿದ, "ಒಂದೇ ಸೀಟಿಂದು ತಗೊಂಡ್ರೆ ಅವಳನ್ನ ಈಗ್ಲೇ ಕಳಿಸ್ಕೊಟ್ಟ ಹಾಗಾಗಲ್ವೇನೋ?"

ಮೂವತ್ತು ವರ್ಷ ಸಾಹಿತ್ಯ ಪಾಠ ಮಾಡಿದವನು ನಾನು. ಆ ಪ್ರಶ್ನೆ ಪುಸ್ತಕದಲ್ಲಿ ಬಂದಿದ್ದರೆ ಅಲ್ಲೇ ನಿಲ್ಲಿಸಿ, ಮಕ್ಕಳೇ ಈ ಸಾಲನ್ನು ಇನ್ನೊಮ್ಮೆ ಓದಿ ಎನ್ನುತ್ತಿದ್ದೆ. ಅವತ್ತು ಮಾತ್ರ, "ಕಬ್ಬಿಣಕ್ಕೂ ಆಯಸ್ಸಿಗೂ ಏನು ಸಂಬಂಧ ಮಾರಾಯ?" ಎಂದುಬಿಟ್ಟೆ. ಅವನು ಆ ಸೀಟಿನಿಂದ ಕೈ ತೆಗೆದ. ಆಮೇಲೆ ಬೇಸ್ ಬೈಕಿಗೇ ಸಹಿ ಹಾಕಿದ.

ಪ್ರತಿ ಮೇ ತಿಂಗಳ ಮೊದಲ ಭಾನುವಾರ ನಮ್ಮ ಚರ್ಚಿನಂಗಳದಲ್ಲಿ ಬೈಕುಗಳಿಗೆ ಆಶೀರ್ವಾದ ನಡೆಯುತ್ತದೆ. ಪಾದ್ರಿ ಓಲ್ಸ್ಟಾಡ್ ಬೈಕುಗಳ ಸಾಲಿನುದ್ದಕ್ಕೂ ಬರುತ್ತಾರೆ. ಓಡಿಸುವವರು ಹ್ಯಾಂಡಲ್ ಮೇಲೆ ಕೈ ಇಡಬೇಕು, ಹಿಂದೆ ಕೂರುವವರು ತಮ್ಮ ಸೀಟಿನ ಮೇಲೆ. ಲವಾನ್ ಯಂತ್ರ ತೂಗುಹಾಕಿಕೊಂಡು ಕಾರಿನಿಂದಿಳಿದು ಬಂದಳು. ನಲವತ್ತು ಮೇ ತಿಂಗಳು ಬಂದವಳು, ಈ ಸಲ ಬರಬೇಡ ಎಂದು ಹೇಳುವವರು ಯಾರು? ಪಾದ್ರಿ ಎದುರಿಗೆ ಬಂದಾಗ ಅವಳ ಕೈ ಅಭ್ಯಾಸದಿಂದ ಮುಂದೆ ಹೋಯಿತು. ಸೀಟು ಇರಲಿಲ್ಲ. ಕೈ ಅರೆಕ್ಷಣ ಗಾಳಿಯಲ್ಲಿ ನಿಂತು, ಆಮೇಲೆ ಮಡ್‌ಗಾರ್ಡಿನ ಮೇಲೆ ಕೂತಿತು. ರಾತ್ರಿಯ ಚಳಿ ಆ ತಗಡಿನಲ್ಲಿ ಹಾಗೇ ಇತ್ತು. ಪ್ರಾರ್ಥನೆ ಮುಗಿಯುವವರೆಗೆ ಅವಳು ಕೈ ತೆಗೆಯಲಿಲ್ಲ.

"ಮಂಜುಗಡ್ಡೆ ಕಣೋ ಇದು," ಎಂದು ನನಗೆ ಅಂಗೈ ತೋರಿಸಿ ನಕ್ಕಳು. ಆರ್ವಿಡ್ ನಗಲಿಲ್ಲ. ಕೈಗವಸು ಬಿಚ್ಚಿ ಅವಳಿಗೆ ಕೊಟ್ಟ.

ಆ ಬೇಸಿಗೆಯಲ್ಲಿ ಯಾರೂ ಎಣಿಸದ್ದು ನಡೆಯಿತು. ಹೊಸದೊಂದು ಔಷಧಿ ಅವಳಿಗೆ ಹತ್ತಿತು. ಜುಲೈಯಲ್ಲಿ ಮೆಟ್ಟಿಲು ಹತ್ತಿದಳು. ಆಗಸ್ಟಿನ ಮೊದಲ ವಾರ ಮನೆಗೆ ಬರುವ ಟಪಾಲು ಹಾಕಿಹೋಗುವ ರಸ್ತೆ ಬದಿಯ ಅಂಚೆ ಡಬ್ಬಿಯವರೆಗೆ ನಡೆದು ಹೋಗಿ ಬಂದಳು. ಅರ್ಧ ಗಂಟೆ ಹೊರಗೆ, ಬೈಕಿನಲ್ಲೇ ಆದರೂ, ಸುತ್ತಾಡಿದರೆ ಅಡ್ಡಿಯಿಲ್ಲ ಎಂದು ಡಾಕ್ಟರೇ ಹೇಳಿದರು. ಶುಕ್ರವಾರ ಹೋಟೆಲಿನಲ್ಲಿ ನಾವು ಮೂವರು ಕರಿದ ಮೀನು ತಿನ್ನುತ್ತ ಕೂತಿದ್ದಾಗ ಲವಾನ್ ಉಪ್ಪು ಕೇಳಿದಷ್ಟೇ ಸಹಜವಾಗಿ ಕೇಳಿದಳು.

"ಆರ್ವಿಡ್, ನದಿ ದಂಡೆಗೆ ಹೋಗೋಣ್ವಾ? ಐದೇ ಮೈಲಿ. ನಿನ್ನ ಹಿಂದೆ."

ಆರ್ವಿಡ್ ಮೀನು ಬಿಟ್ಟು ನನ್ನನ್ನು ನೋಡಿದ. "ನಾಲ್ಕು ಬೋಲ್ಟು," ಎಂದ. ಅವನ ಮುಖದಲ್ಲಿ ಇದ್ದದ್ದು ಸಿಟ್ಟಲ್ಲ, ಬರೀ ಸಂತೋಷ.

ಮರುದಿನ ಷೋರೂಮಿಗೆ ಫೋನ್ ಮಾಡಿದರೆ ಆ ಮಾಡೆಲಿನ ಹಿಂದಿನ ಸೀಟು ದಾಸ್ತಾನಿಲ್ಲ. ಅಂಚೆಯಲ್ಲಿ ಬರಲು ಆರು ವಾರ ಬೇಕು. ಹಳೆಯ ಬೈಕಿನ ಸೀಟು ತಂದು ಇಟ್ಟು ನೋಡಿದ, ತೂತುಗಳು ಕೂಡಲಿಲ್ಲ. ಪಟ್ಟಿ ಹಾಕಿ ಬಿಗಿಯಲು ಹೊರಟಾಗ ಲವಾನ್, "ನನ್ನನ್ನೇನು ಹಾಲಿನ ಕ್ಯಾನು ಅಂತ ತಿಳ್ಕೊಂಡ್ಯಾ, ಕಟ್ಕೊಂಡು ಹೋಗೋಕೆ?" ಎಂದು ತಡೆದಳು.

ಇಲ್ಲಿ ಇನ್ನೊಬ್ಬರ ಬೈಕನ್ನು ಯಾರೂ ಕೇಳುವುದಿಲ್ಲ. ಟ್ರ್ಯಾಕ್ಟರ್ ಕೇಳಬಹುದು, ಕರು ಹಾಕುವ ಹಸುವಿನ ಬಳಿ ರಾತ್ರಿಯೆಲ್ಲ ಕೂರು ಎನ್ನಬಹುದು. ಬೈಕು ಕೇಳಬಾರದು. ಅದೊಂದು ಬರೆಯದ ಕಟ್ಟಳೆ. ನಮ್ಮ ಗುಂಪಿನಲ್ಲಿ ಎರಡು ಸೀಟಿನ ಬೈಕುಗಳು ಹತ್ತಾದರೂ ಇದ್ದವು, ನೆಲ್ಸ್‌ನದೂ ಒಂದು. "ನೆಲ್ಸ್‌ನನ್ನ ಕೇಳ್ಲಾ?" ಎಂದು ನಾನು ಒಮ್ಮೆ ಎಂದೆ, ಒಂದೇ ಒಂದು ಸಲ.

"ಯಾಕೆ ಸುಮ್ನೆ ತೊಂದ್ರೆ ಕೊಡೋದು? ಆರು ವಾರ ತಾನೆ," ಎಂದ ಆರ್ವಿಡ್.

ಸರಿ ಎಂದು ನಾನೂ ಸುಮ್ಮನಾದೆ. ಕೇಳಬಹುದಿತ್ತು. ನನಗೆ ಬೈಕೇ ಇಲ್ಲದ್ದರಿಂದ ಆ ಕಟ್ಟಳೆಯೂ ಇರಲಿಲ್ಲ.

ಮೂರನೆಯ ವಾರದಿಂದಲೇ ಅವನು ದಿನವೂ ಹನ್ನೊಂದು ಗಂಟೆಗೆ ಅಂಚೆ ಡಬ್ಬಿಯ ಬಳಿ ಹೋಗಿ ನಿಲ್ಲುತ್ತಿದ್ದ. ಅಂಚೆಯವಳು ದೂರದಿಂದಲೇ ಕಾರಿನ ಕಿಟಕಿಯಿಂದ ಕೈ ಆಡಿಸಿ, "ಇವತ್ತೂ ಇಲ್ಲ ಆರ್ವಿಡ್!" ಎಂದು ಕೂಗುತ್ತಿದ್ದಳು. ಸೆಪ್ಟೆಂಬರಿನ ಎರಡನೆಯ ವಾರದಲ್ಲಿ ಒಂದು ದಿನ ಅವಳು ಬಂದಾಗ ಅವನು ಡಬ್ಬಿಯ ಕಂಬಕ್ಕೆ ಒರಗಿ ಹುಲ್ಲಿನ ಮೇಲೆ ಕೂತಿದ್ದ. ದಣಿದು ಕೂತಿದ್ದಾನೆ ಎಂದುಕೊಂಡಳಂತೆ. ಹೃದಯ ನಿಂತಿತ್ತು. ಅರವತ್ತೆಂಟು ವರ್ಷ. ಒಂದು ದಿನವೂ ಕಾಯಿಲೆ ಎಂದು ಮಲಗಿದವನಲ್ಲ.

ಲವಾನ್ ಇಲ್ಲದ ದಿನಗಳಿಗಾಗಿ ನಾವು ಬೈಕು ಆರಿಸಿದ್ದೆವು. ಅವಳು, ನಾನು, ಡಾಕ್ಟರು ಎಲ್ಲರೂ ಒಂದೇ ದಿಕ್ಕಿಗೆ ನೋಡುತ್ತ ನಿಂತಿದ್ದೆವು.

ಶವಯಾತ್ರೆಗೆ ಇಪ್ಪತ್ತೊಂದು ಬೈಕು ಬಂದವು. ಎರಡೆರಡಾಗಿ ಸಾಗಿದವು. ಮೊದಲ ಸಾಲಿನಲ್ಲಿ ಮಾತ್ರ ಒಂದೇ ಬೈಕು, ಅದರ ಪಕ್ಕದ ಜಾಗವನ್ನು ಆರ್ವಿಡ್‌ಗೆಂದು ಬಿಟ್ಟಿದ್ದರು. ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಹ್ಯಾಮ್ ಸ್ಯಾಂಡ್‌ವಿಚ್, ಕಾಫಿ. ಸೀಟಿನ ಕಥೆ ಹೇಗೋ ಬಾಯಿಂದ ಬಾಯಿಗೆ ಹೋಗಿತ್ತು. ನೆಲ್ಸ್ ಕೈಯಲ್ಲಿ ತಟ್ಟೆ ಹಿಡಿದುಕೊಂಡು ಬಂದ. ಆರಡಿ ನಾಲ್ಕಂಗುಲದ ಆಳು, ಗಡ್ಡವೆಲ್ಲ ಒದ್ದೆ.

"ನನ್ನದು ಕೊಡ್ತಿದ್ನಲ್ಲೋ ಎಮೆಟ್. ಒಂದ್ ಮಾತು ಕೇಳ್ಬಾರ್ದಿತ್ತಾ?"

ಉತ್ತರಕ್ಕೆ ಕಾಯದೆ ತಟ್ಟೆಯನ್ನು ಮೇಜಿನ ಮೇಲಿಟ್ಟು ಹೊರಟುಹೋದ.

ನಾಲ್ಕು ದಿನದ ನಂತರ ಪಾರ್ಸೆಲ್ ಬಂತು. ಅಂಚೆಯವಳು ಡಬ್ಬಿಯ ಬಳಿ ಇಡಲಾರದೆ ಮನೆ ಬಾಗಿಲಿಗೇ ತಂದುಕೊಟ್ಟು ಹೋದಳಂತೆ. ಲವಾನ್ ನನಗೆ ಫೋನ್ ಮಾಡಿದಳು. ನಾನು ಪಾನಾಪೆಟ್ಟಿಗೆ ತೆಗೆದುಕೊಂಡು ಹೋದೆ. ಹೇಗಾದರೂ ಆ ಸೀಟನ್ನು ಅದರ ಜಾಗಕ್ಕೆ ಕೂರಿಸಬೇಕು ಎಂಬುದೊಂದೇ ತಲೆಯಲ್ಲಿತ್ತು. ಗ್ಯಾರೇಜಿನ ದೊಡ್ಡ ಬಾಗಿಲು ಎತ್ತಿ, ನೆಲದ ಮೇಲೆ ಮಂಡಿಯೂರಿ ಪೆಟ್ಟಿಗೆಯ ಅಂಟುಪಟ್ಟಿ ಕೀಳುತ್ತಿದ್ದಾಗ ಅವಳು ಗೋಡೆ ಹಿಡಿದುಕೊಂಡು ಒಳಬಂದಳು.

"ಬಿಡು ಎಮೆಟ್. ತೆಗೀಬೇಡ."

"ಹದಿನೈದು ನಿಮಿಷದ ಕೆಲ್ಸ."

"ಯಾರ ಹಿಂದೆ ಕೂರ್ಲಿ? ನಿನ್ನ ಹಿಂದೆನಾ? ನೀನು ತಿರುವು ಬಂದ್ರೆ ಪುಸ್ತಕದ ಹಾಳೆ ತಿರುವಿದ ಹಾಗೆ ನಿಧಾನ ಮಾಡ್ತಿದ್ದೆ. ನಿದ್ದೆ ಬಂದು ಬಿದ್ದೇನು."

ನಗು ಬಂದದ್ದು ಹೌದು. ನೆಲ ನೋಡುತ್ತ ಹೇಳಿದೆ, "ಮೊಣಕಾಲಿನ ಸುಳ್ಳು ಹೇಳಿ ಇದನ್ನ ಕೊಡಿಸ್ದವನು ನಾನು, ಲವಾನ್."

"ಹೇಳಿಸ್ದವಳು ನಾನು. ನಾನು ಸಾಯ್ತೀನಿ ಅನ್ನೋ ನಂಬಿಕೇಲಿ." ಸ್ಟೂಲಿನ ಅಂಚಿಗೆ ಕೂತು ಉಸಿರು ತಂದುಕೊಂಡಳು. "ಅವನಿಗೆ ಗೊತ್ತಾಗಿತ್ತು. ತಂದ ದಿನವೇ ಕೇಳ್ದ, 'ಎಮೆಟ್‌ಗೆ ಮೊಣಕಾಲಿನ ಯೋಚ್ನೆ ಯಾವಾಗ್ನಿಂದ ಬಂತು? ನೀನೇ ಹೇಳ್ಕೊಟ್ಟಿದ್ದಲ್ವಾ?' ಅಂತ."

"ಗೊತ್ತಿದ್ದೂ ತಗೊಂಡ್ನಾ?"

"ನಾನು ಕೇಳಿದ್ನಲ್ಲ, ಅದಕ್ಕೇ."

ಬೈಕಿನ ಟ್ಯಾಂಕಿನ ಮೇಲೆ ಅವನು ಒರೆಸಿಟ್ಟ ಬಟ್ಟೆ ಮಡಿಸಿದ ಹಾಗೇ ಇತ್ತು. ಆಮೇಲೆ ಲವಾನ್ ಎದ್ದು, "ಕೈ ಕೊಡು," ಎಂದಳು. ನನ್ನ ತೋಳು ಹಿಡಿದು, ಕಾಲು ಆಚೆ ಹಾಕಿ, ಅವನ ಸೀಟಿನ ಮೇಲೆ ಕೂತಳು. ಬೇಸ್ ತಗ್ಗಾಗಿದ್ದದ್ದು ಒಳ್ಳೆಯದಾಯಿತು. ಅವಳ ಎರಡೂ ಪಾದ ನೆಲಕ್ಕೆ ತಾಕಿದವು. ಯಂತ್ರದ ಚೀಲವನ್ನು ನಾನು ಹಿಡಿದುಕೊಂಡು ಹಿಂದೆ ನಿಂತೆ.

ಎದುರಿಗೆ ತೆರೆದ ಬಾಗಿಲು. ಅಂಗಳ, ಅದರಾಚೆ ರಸ್ತೆ, ಜೋಳದ ಹೊಲ, ಗುಡ್ಡ. ಅವಳು ಹ್ಯಾಂಡಲ್ ಹಿಡಿದು ಬಹಳ ಹೊತ್ತು ನೋಡಿದಳು.

"ಇಷ್ಟೆಲ್ಲ ಕಾಣ್ತಿತ್ತಾ ಅವನಿಗೆ?" ಎಂದಳು. "ನಲವತ್ತೊಂದು ವರ್ಷ ನಾನು ನೋಡಿದ್ದು ಅವನ ಎಡಭುಜ, ಅದರ ಪಕ್ಕ ಅರ್ಧ ರಸ್ತೆ. ಜನ ನಗ್ತಿದ್ರು, ಹಸು ಬಂದ್ರೂ ಕೂಗ್ತಾನೆ ಅಂತ. ನಂಗೂ ಒಂದೊಂದ್ಸಲ ನಾಚಿಕೆ ಆಗ್ತಿತ್ತು. ನನಗೆ ಕಾಣಲ್ಲ ಅಂತ ಅವನಿಗೆ ಗೊತ್ತಿತ್ತು ಕಣೋ."

ಅವಳ ಬೆನ್ನು ಸೆಟೆಯಿತು. ಉಸಿರು ಒಟ್ಟುಮಾಡಿಕೊಳ್ಳುತ್ತಿದ್ದಾಳೆ ಎಂದು ಗೊತ್ತಾಯಿತು.

"ಮೇಪಲ್ ಮರ!" ಎಂದು ಕೂಗಿದಳು. ದನಿ ಬಾಗಿಲವರೆಗೂ ಹೋಗಲಿಲ್ಲ. ಸ್ವಲ್ಪ ತಡೆದು, "ಕಾಗೆ, ಎರಡು!" ಇನ್ನೂ ಸ್ವಲ್ಪ ತಡೆದು, ಮೆಲ್ಲಗೆ, "ಅಂಚೆ ಡಬ್ಬಿ."

ಅಲ್ಲಿಗೆ ನಿಲ್ಲಿಸಿದಳು. ಅವಳ ಹಿಂದೆ ಆ ತಣ್ಣನೆಯ ತಗಡಿತ್ತು, ಅದರ ಹಿಂದೆ ನಾನಿದ್ದೆ. ಚೀಲವನ್ನು ಎಡಗೈಗೆ ಬದಲಿಸಿಕೊಂಡು, ಬಲಗೈ ಚಾಚಿ ಅವಳ ಬೆನ್ನಿಗೆ ಒಂದು ಸಲ ತಟ್ಟಿದೆ.