ಎದುರುತ್ತರ ಕೊಡದ ಹುಡುಗಿಗೊಂದು ಶಿಫಾರಸು ಪತ್ರ

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಆಫೀಸಿನ ಕಿಚನ್ನಿನಲ್ಲಿ ಕೂತು ಮೊಸರನ್ನ ತಿನ್ನುತ್ತಿದ್ದೆ. ಫೋನ್ ಬಂತು. ವಯಸ್ಸಾದ ಗಂಡಸಿನ ದನಿ. ತಾವು ಸ್ಕಾಲರ್‌ಶಿಪ್ ಕಮಿಟಿಯ ಅಧ್ಯಕ್ಷರು ಎಂದು ಪರಿಚಯ ಹೇಳಿಕೊಂಡು, ಬಹಳ ನಯವಾಗಿ ಕೇಳಿದರು: “ನೀವು ಪತ್ರ ಬರೆದಿರುವುದು ನಮ್ಮ ಲೀಯಾ ಬಗ್ಗೆಯೇ ತಾನೇ?”

ಹೌದು ಅಂದೆ.

“ಹುಡುಗಿ ಹುಷಾರಾಗಿದ್ದಾಳಾ?”

ಇದೆಂಥ ಪ್ರಶ್ನೆ? ಎರಡು ದಿನದ ಹಿಂದೆ ನಮ್ಮ ಮನೆಯಲ್ಲಿ ಮೂರು ದೋಸೆ ತಿಂದು ಹೋದವಳು ಹುಷಾರಾಗಿಲ್ಲದೆ ಏನು? ನನಗೆ ತಲೆಬುಡ ತಿಳಿಯಲಿಲ್ಲ. ನಿಮಗೂ ತಿಳಿಯದಿರಬಹುದು, ಆದ್ದರಿಂದ ಮೊದಲಿನಿಂದ ಹೇಳುತ್ತೇನೆ.

ನಾವಿರುವುದು ವೆಲಿಂಗ್ಟನ್ನಿನ ಜಾನ್ಸನ್‌ವಿಲ್ ಬಡಾವಣೆಯಲ್ಲಿ. ಬೇಲಿಯಾಚೆ ರೂತ್ ಇದ್ದಾರೆ, ಎಪ್ಪತ್ತು ದಾಟಿದ ನಿವೃತ್ತ ನರ್ಸ್. ಜೊತೆಗಿರುವುದು ಮೊಮ್ಮಗಳು ಲೀಯಾ, ಹದಿನೇಳು ವರ್ಷ. ಯಹೂದಿ ಕುಟುಂಬ. (ಅದು ನನಗೆ ಗೊತ್ತಾಗಿದ್ದೇ ಟ್ಯೂಷನ್ ಶನಿವಾರ ಇಟ್ಟುಕೊಳ್ಳೋಣ ಅಂದಾಗ. ಶನಿವಾರ ನಮ್ಮ ಧರ್ಮದಲ್ಲಿ ವಿಶ್ರಾಂತಿಯ ದಿನ, ಅವತ್ತು ಮಾತ್ರ ಆಗುವುದಿಲ್ಲ ಅಂದರು ರೂತ್.) ಹಾಗಾಗಿ ಮೂರು ವರ್ಷದಿಂದ ಪ್ರತಿ ಭಾನುವಾರ ಬೆಳಿಗ್ಗೆ ನಮ್ಮ ಡೈನಿಂಗ್ ಟೇಬಲ್ಲಿನ ಮೇಲೆ ಅವಳಿಗೆ ನನ್ನಿಂದ ಗಣಿತ ಪಾಠ. ನಾನು ಸ್ಟ್ರಕ್ಚರಲ್ ಇಂಜಿನಿಯರ್, ಗಣಿತವೆಂದರೆ ನನಗೆ ನೀರು ಕುಡಿದಷ್ಟು ಸುಲಭ ಎಂಬ ಜಂಬವೂ ಇದೆ.

ಆ ಜಂಬ ಇಳಿಸಲೆಂದೇ ಲೀಯಾ ಹುಟ್ಟಿದಂತಿತ್ತು. ಫಾರ್ಮುಲಾ ಹಾಕು, ಉತ್ತರ ಬರುತ್ತೆ ಅಂದರೆ, ಬರುತ್ತೆ ಸರಿ, ಯಾಕೆ ಬರುತ್ತೆ ಅನ್ನುತ್ತಾಳೆ. ಒಂದು ಲೆಕ್ಕಕ್ಕೆ ನಲವತ್ತು ನಿಮಿಷ! ಇತ್ತ ಒಲೆಯ ಮೇಲೆ ಸಾರು ಕುದಿಯುತ್ತಿದೆ, ಅತ್ತ ಇವಳದು ‘ಯಾಕೆ’ ನಿಲ್ಲುತ್ತಿಲ್ಲ. ಆದರೂ ಈ ವರ್ಷ ಸ್ವಲ್ಪ ತಣ್ಣಗಾಗಿದ್ದಳು. ಹೇಳಿದ್ದನ್ನು ಬರೆದುಕೊಂಡು ಹೋಗುತ್ತಿದ್ದಳು. ಅಂತೂ ಹುಡುಗಿಗೆ ಬುದ್ಧಿ ಬಂತು ಎಂದು ನನಗೆ ಸಮಾಧಾನವಾಗಿತ್ತು.

ಲೀಯಾಗೆ ದೂರದ ಡನೀಡನ್‌ಗೆ ಹೋಗಿ ಸಮುದ್ರಜೀವಿಗಳ ಬಗ್ಗೆ ಓದುವ ಆಸೆ. ಫೀಸಿಗೇನೋ ಸರ್ಕಾರದ ಸಾಲ ಸಿಗುತ್ತದೆ. ಹಾಸ್ಟೆಲ್ಲಿಗೆ? ಅದು ಅಜ್ಜಿಯ ಪೆನ್ಷನ್ನಿನಲ್ಲಿ ಆಗುವ ಮಾತಲ್ಲ. ಸ್ಕಾಲರ್‌ಶಿಪ್ ಸಿಗದಿದ್ದರೆ ಮನೆಯಲ್ಲೇ ಇದ್ದು ಇಲ್ಲೇ ಬೇರೆ ಏನನ್ನಾದರೂ ಓದಬೇಕು. ಇಲ್ಲಿಯ ಯಹೂದಿ ಸಮುದಾಯ ಚಿಕ್ಕದು, ಎಲ್ಲರಿಗೂ ಎಲ್ಲರೂ ಗೊತ್ತು. ಅವರಲ್ಲೇ ಒಬ್ಬ ಶಾಲಾ ಟೀಚರ್ ಸಾಯುವ ಮೊದಲು ಒಂದು ನಿಧಿ ಇಟ್ಟು ಹೋಗಿದ್ದರಂತೆ. ವರ್ಷಕ್ಕೆ ಒಂದೇ ಮಗುವಿಗೆ ಸಿಗುವ ಸ್ಕಾಲರ್‌ಶಿಪ್. ಅರ್ಜಿಯ ಜೊತೆ ಸಮುದಾಯದ ಹೊರಗಿನವರ ಒಂದು ಪತ್ರ ಬೇಕು. ಆಗಸ್ಟಿನಲ್ಲಿ ರೂತ್ ಫಾರ್ಮ್ ಹಿಡಿದು ಬಂದು, ನೀವಲ್ಲದೆ ಇನ್ಯಾರು ಬರೆಯಬೇಕು ಅಂದರು.

ಇಂಥ ಪತ್ರ ಬರೆಯಲು ನನಗೆ ಹೇಳಿಕೊಡಬೇಕೇ? ಮೈಸೂರಿನಿಂದ ಹೊತ್ತು ತಂದ ಸರ್ಟಿಫಿಕೇಟುಗಳ ಫೈಲ್ ಇನ್ನೂ ಬೀರುವಿನಲ್ಲಿದೆ. (ನಿಮ್ಮ ಮನೆಯಲ್ಲೂ ಇದೆ, ಗೊತ್ತು.) ಅದರಲ್ಲಿ ನನ್ನ ಕಾಲೇಜಿನ ಕಾಂಡಕ್ಟ್ ಸರ್ಟಿಫಿಕೇಟ್ ಹುಡುಕಿದೆ. ಅದನ್ನೇ ಮುಂದಿಟ್ಟುಕೊಂಡು ಬರೆದೆ. ಲೀಯಾ ವಿಧೇಯಳು, ವಿನಯವಂತೆ, ಹಿರಿಯರ ಮಾತು ಮೀರುವವಳಲ್ಲ, ಮೂರು ವರ್ಷಗಳಲ್ಲಿ ಒಮ್ಮೆಯೂ ಎದುರುತ್ತರ ಕೊಟ್ಟಿಲ್ಲ. ಈ ಕೊನೆಯದು ಹಸೀ ಸುಳ್ಳು. ಆದರೆ ಹುಡುಗಿಯ ಭವಿಷ್ಯದ ಪ್ರಶ್ನೆ, ಅವಳ ಬಾಯಿಯ ವಿಷಯ ಹೊರಗಿನವರಿಗೆ ಯಾಕೆ ಅಂದುಕೊಂಡೆ. ನನ್ನ ಗಂಡ ಸತೀಶ ಓದಿ, “ಸೂಪರಾಗಿದೆ ಕಣೇ. ನಮ್ ಪ್ರಿನ್ಸಿಪಾಲ್ರೂ ಇಷ್ಟು ಚೆನ್ನಾಗ್ ಬರ್ದಿರ್ಲಿಲ್ಲ” ಅಂದ.

ಫಾರ್ಮಿನ ಜೊತೆ ಪತ್ರ ಬರೆಯುವವರಿಗೆಂದೇ ಎರಡು ಪುಟ ಸೂಚನೆಗಳೂ ಇದ್ದವು. ಸೂಚನೆಗಳನ್ನು ಯಾರು ಓದುತ್ತಾರೆ?

ಆ ಎರಡು ಪುಟವನ್ನು ಅಧ್ಯಕ್ಷರು ಈಗ ಫೋನಿನಲ್ಲಿ ನನಗೆ ತಿಳಿಸಿ ಹೇಳಿದರು. ನಿಧಿ ಇಟ್ಟ ಟೀಚರ್ ಉಯಿಲಿನಲ್ಲಿ ಒಂದು ಷರತ್ತು ಬರೆದಿದ್ದರಂತೆ. ಈ ಸ್ಕಾಲರ್‌ಶಿಪ್ ಹೆಚ್ಚು ಅಂಕ ಬಂದವರಿಗಲ್ಲ, ತನ್ನ ಟೀಚರನ್ನು ಸುಮ್ಮನೆ ಕೂರಲು ಬಿಡದ ಮಗುವಿಗೆ ಹೋಗಬೇಕು. ಲೀಯಾಳನ್ನು ಕಮಿಟಿಯ ಐದೂ ಜನ ತೊಟ್ಟಿಲಿನಿಂದ ಬಲ್ಲರು. ನನ್ನ ಪತ್ರದ ಹುಡುಗಿ ಅವರಿಗೆ ಗುರುತೇ ಸಿಗಲಿಲ್ಲವಂತೆ. ಒಂದೋ ನಿಮಗೆ ಅವಳು ಗೊತ್ತಿಲ್ಲ, ಇಲ್ಲವೇ ಅವಳಿಗೆ ಏನೋ ಆಗಿದೆ ಎಂದು ನಮಗೆ ಗಾಬರಿಯಾಯಿತು ಅಂದರು. ಈ ಪತ್ರ ಹೀಗೇ ಇದ್ದರೆ ಅರ್ಜಿಯನ್ನು ಪರಿಗಣಿಸುವುದು ಕಷ್ಟ ಎಂದೂ ಸೇರಿಸಿದರು.

ನನ್ನ ಕೈಯಲ್ಲಿದ್ದ ಚಮಚ ಡಬ್ಬಿಗೆ ಬಿತ್ತು. ಅವಳನ್ನು ಹೊಗಳಿ ಹೊಗಳಿಯೇ ಮುಳುಗಿಸಿದ್ದೆನೇ? ಇದೆಂಥ ಬಹುಮಾನ ಮಾರಾಯ್ರೆ? ನಮ್ಮ ಕನ್ನಡ ಕೂಟದ ಪ್ರತಿಭಾ ಪುರಸ್ಕಾರ ನೋಡಿ, ಎಷ್ಟು ಸರಳ. ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಕೊಡಿ, ಸ್ಟೇಜ್ ಹತ್ತಿ, ಕಪ್ ಹಿಡಿದು ನಗಿ, ಇಳಿದು ಬಿಸಿಬೇಳೆಬಾತ್ ತಿನ್ನಿ. ಟೀಚರ್ ತಲೆ ತಿಂದಿದ್ದಕ್ಕೆ ಸ್ಕಾಲರ್‌ಶಿಪ್ ಎಂದರೆ ನನ್ನ ಅಮ್ಮ ನಂಬುವುದಿಲ್ಲ.

ಆಗ ಅವರು ಕೇಳಿದರು: “ಅವಳು ಯಾವತ್ತಾದರೂ ನಿಮ್ಮನ್ನು ತಪ್ಪು ಎಂದು ತೋರಿಸಿದ್ದಾಳಾ?”

ತೋರಿಸಿದ್ದಳು.

ಮಾರ್ಚ್ ತಿಂಗಳು. ಸಂಭವನೀಯತೆಯ ಪಾಠ. ಒಂದು ಮನೆಯಲ್ಲಿ ಇಬ್ಬರು ಮಕ್ಕಳು, ಅವರಲ್ಲಿ ಕನಿಷ್ಠ ಒಂದಾದರೂ ಹೆಣ್ಣು ಎಂದು ಗೊತ್ತು. ಇಬ್ಬರೂ ಹೆಣ್ಣಾಗಿರುವ ಸಾಧ್ಯತೆ ಎಷ್ಟು? ಅರ್ಧ ಅಂದೆ ನಾನು. ಮೂರರಲ್ಲೊಂದು ಅಂದಳು ಅವಳು. ವಾದ ಶುರುವಾಯಿತು. ಕೊನೆಗೆ ನಾನು ದನಿಯೇರಿಸಿ, ಹೇಳಿದಷ್ಟು ಮಾಡು, ಅಡ್ಡ ಪ್ರಶ್ನೆ ಬೇಡ ಎಂದು ಪುಸ್ತಕ ಮುಚ್ಚಿಸಿದೆ. ಅವಳು ಹೋದ ಮೇಲೆ ಹುರುಳಿಕಾಯಿ ಹೆಚ್ಚುತ್ತಾ ಕೂತವಳಿಗೆ ಮನಸ್ಸು ತಡೆಯಲಿಲ್ಲ. ಅಂಗಡಿಯ ಬಿಲ್ಲಿನ ಹಿಂದೆ ಬರೆದು ನೋಡಿದೆ. ಗಂಡು-ಗಂಡು, ಗಂಡು-ಹೆಣ್ಣು, ಹೆಣ್ಣು-ಗಂಡು, ಹೆಣ್ಣು-ಹೆಣ್ಣು. ಮೊದಲನೆಯದನ್ನು ಹೊಡೆದು ಹಾಕಿದರೆ ಉಳಿದದ್ದು ಮೂರು. ಮೂರರಲ್ಲೊಂದು. ಅವಳದೇ ಸರಿ. ಬಿಲ್ ಮುದುರಿ ಹುರುಳಿಕಾಯಿ ನಾರಿನ ಜೊತೆ ಕಸಕ್ಕೆ ಹಾಕಿದೆ.

ಇದನ್ನೆಲ್ಲ ಮುಖ ನೋಡದ ಮನುಷ್ಯನಿಗೆ ಫೋನಿನಲ್ಲಿ ಹೇಳಿದೆ. ಹೇಳದಿದ್ದರೆ ಲೀಯಾಳ ಹಾಸ್ಟೆಲ್ ಹೋಗುತ್ತದೆ, ಇನ್ನೇನು ಮಾಡಲಿ? ಅವರು ಬರೆದುಕೊಳ್ಳುತ್ತಿದ್ದ ಸದ್ದು ಕೇಳುತ್ತಿತ್ತು.

“ಅವಳಿಗೆ ಹೇಳಿದಿರಾ?” ಅಂದರು.

ಇಲ್ಲ ಅಂದೆ. ಹೇಳಿಬಿಡಿ, ಪತ್ರದ ಬದಲು ಇದನ್ನೇ ಕಮಿಟಿಯ ಮುಂದೆ ಇಡುತ್ತೇನೆ ಎಂದು ಫೋನ್ ಇಟ್ಟರು.

ಹೇಳಬೇಕೆಂದೇ ಇದ್ದೆ, ನಂಬಿ. ಮುಂದಿನ ಭಾನುವಾರ ಅವಳಿಗೆ ನೆಗಡಿ. ಅದರ ಮುಂದಿನ ವಾರ ಅವಳು ತನ್ನಷ್ಟಕ್ಕೆ ಚೆನ್ನಾಗಿ ಲೆಕ್ಕ ಮಾಡುತ್ತಿದ್ದಳು, ನಡುವೆ ಇದ್ಯಾಕೆ ಅನ್ನಿಸಿತು. ಆಮೇಲೆ ಪರೀಕ್ಷೆ ಹತ್ತಿರ ಬಂತು. ಅಷ್ಟರಲ್ಲಿ ಒಂದು ಸಂಜೆ ರೂತ್ ಬೇಲಿಯ ಬಳಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡು ಅತ್ತರು. ಸ್ಕಾಲರ್‌ಶಿಪ್ ಲೀಯಾಗೇ ಬಂದಿತ್ತು. ನಾನೂ ಅತ್ತೆ. ಇನ್ನೇನು, ಕೆಲಸ ಆಯಿತಲ್ಲ!

ನವೆಂಬರ್ ಕೊನೆಯ ಭಾನುವಾರ ಅವರ ಸಮುದಾಯ ಭವನದಲ್ಲಿ ಸಮಾರಂಭ. ಇಲ್ಲಿಯ ಪದ್ಧತಿ ಗೊತ್ತಲ್ಲ, ಎಲ್ಲರೂ ಒಂದೊಂದು ತಿಂಡಿ ಹೊತ್ತೇ ಬರಬೇಕು. ಏನು ತರಲಿ ಎಂದು ರೂತ್‌ರನ್ನು ಕೇಳಿದರೆ, ಹಣ್ಣು ತನ್ನಿ, ಆದರೆ ಹೆಚ್ಚದೆ ಇಡಿಯಾಗಿ ತನ್ನಿ, ಭವನದೊಳಗೆ ನಮ್ಮ ಊಟದ ನಿಯಮ ಬಿಗಿ ಅಂದರು. ನನ್ನ ಮನೆಯಲ್ಲಿ ದೋಸೆ ತಿನ್ನುವ ಹುಡುಗಿಯ ಜನ ಅವರ ಭವನದಲ್ಲಿ ನನ್ನ ಚಾಕು ಮುಟ್ಟಿದ ಕಿತ್ತಳೆ ತಿನ್ನುವುದಿಲ್ಲ! ಒಂದು ಕ್ಷಣ ಗೊಂದಲವಾಯಿತು. ಆಮೇಲೆ ನಮ್ಮ ಅಜ್ಜಿಯ ಮಡಿ ನೆನಪಾಗಿ ನಗು ಬಂತು. ಈ ಇಡೀ ಪ್ರಕರಣದಲ್ಲಿ ನನಗೆ ತಟ್ಟನೆ ಅರ್ಥವಾಗಿದ್ದು ಇದೊಂದೇ.

ಭವನದಲ್ಲಿ ನಾನು ಎರಡನೇ ಸಾಲಿನಲ್ಲಿ ಕೂತಿದ್ದೆ, ರೇಷ್ಮೆ ಸೀರೆಯಲ್ಲಿ. (ಬೇರೆಯವರೆಲ್ಲ ಕಾರ್ಡಿಗನ್ನಿನಲ್ಲಿ.) ಅಧ್ಯಕ್ಷರು ಎದ್ದು ನಿಂತು ಲೀಯಾಳ ಬಗ್ಗೆ ನಾಲ್ಕು ಮಾತಾಡಿದರು. ಬಳಿಕ ಜೇಬಿನಿಂದ ಚೀಟಿ ತೆಗೆದು, ಅವಳ ಗಣಿತದ ಟೀಚರ್ ನಮಗೆ ಒಂದು ಅಪರೂಪದ ವಿಷಯ ಹೇಳಿದರು ಎಂದು ಓದತೊಡಗಿದರು. ಇಬ್ಬರು ಮಕ್ಕಳು, ಅರ್ಧ, ಮೂರರಲ್ಲೊಂದು, ಹುರುಳಿಕಾಯಿ, ಅಂಗಡಿಯ ಬಿಲ್, ಎಲ್ಲವೂ. ತಪ್ಪು ನನ್ನದೇ, ಹುಡುಗಿ ಸರಿ ಎಂದು ಆ ಟೀಚರ್ ಧೈರ್ಯವಾಗಿ ಒಪ್ಪಿಕೊಂಡರು, ಇಷ್ಟು ಹೊತ್ತಿಗೆ ಲೀಯಾಗೂ ಹೇಳಿರುತ್ತಾರೆ ಎಂದು ನಂಬಿದ್ದೇನೆ ಅಂದರು.

ಜನ ಚಪ್ಪಾಳೆ ತಟ್ಟಿದರು. ಸ್ಟೇಜಿನ ಮೇಲೆ ಲೀಯಾ ನನ್ನ ಕಡೆ ತಿರುಗಿದಳು. ನನಗೆ ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು. (ಆಗಾಗ ಭೂಕಂಪವಾಗುವ ವೆಲಿಂಗ್ಟನ್ನಿನಲ್ಲಿ ಇಂಥದ್ದನ್ನು ತಮಾಷೆಗೂ ಅನ್ನಬಾರದು.)

ಚಹಾದ ಹೊತ್ತಿಗೆ ಸರ್ಟಿಫಿಕೇಟ್ ಹಿಡಿದುಕೊಂಡೇ ಹತ್ತಿರ ಬಂದಳು. ಅಪ್ಪಿಕೊಂಡಳು. ಥ್ಯಾಂಕ್ಸ್ ಹೇಳಿದಳು. ಆಮೇಲೆ ಮೆಲ್ಲಗೆ ಕೇಳಿದಳು.

“ಆಂಟಿ, ಆವತ್ತು ನಾನು ಹೇಳಿದ್ದು ಸರಿ ಇತ್ತಾ?”

“ಸರಿ ಇತ್ತು.”

“ನಿಮಗೆ ಆವತ್ತೇ ಗೊತ್ತಾಯಿತಾ?”

“ಹೂಂ.”

ಅವಳಿಗೆ ಸಿಟ್ಟು ಬಂದಿದ್ದರೆ ಎಷ್ಟೋ ವಾಸಿಯಿತ್ತು. ಬರಲಿಲ್ಲ. ಯಾರದೋ ಕಥೆ ಹೇಳುವವಳ ಹಾಗೆ ಹೇಳಿದಳು: “ನನಗೆ ತಲೆ ಇಲ್ಲ ಅಂದುಕೊಂಡೆ. ಆಮೇಲೆ ನಿಮ್ಮನ್ನು ಕೇಳುವುದನ್ನೇ ಬಿಟ್ಟೆ. ನೀವು ಗಮನಿಸಿರಬಹುದು.”

ಗಮನಿಸಿದ್ದೆ. ಹುಡುಗಿಗೆ ಬುದ್ಧಿ ಬಂತು ಎಂದು ಖುಷಿಪಟ್ಟಿದ್ದೆ. ಅಷ್ಟರಲ್ಲಿ ರೂತ್ ಅವಳನ್ನು ಫೋಟೋಗೆ ಕರೆದರು. ಅವಳು ಹೋದಳು. ಕಿತ್ತಳೆಯ ಬುಟ್ಟಿಯ ಪಕ್ಕ ನಿಂತ ನನಗೆ ಬಹಳ ನಾಚಿಕೆಯಾಯಿತು. ದುಃಖವೂ ಆಯಿತು.

ಫೆಬ್ರವರಿಯಲ್ಲಿ ಅವಳು ಡನೀಡನ್‌ಗೆ ಹೋಗುತ್ತಾಳೆ. ಎಲ್ಲ ಸುಖಾಂತ್ಯವೇ. ಆದರೂ ಒಂದು ವಿಷಯ ಬಗೆಹರಿಯುತ್ತಿಲ್ಲ. ಎದುರುತ್ತರ ಕೊಡದ ಹುಡುಗಿ ಎಂದು ಬರೆದಾಗ ನಾನು ಸುಳ್ಳು ಬರೆಯುತ್ತಿದ್ದೇನೆ ಅಂದುಕೊಂಡಿದ್ದೆ. ಮಾರ್ಚಿನಿಂದ ಭಾನುವಾರ ಭಾನುವಾರವೂ ಆ ಸುಳ್ಳನ್ನು ನಿಜ ಮಾಡುತ್ತಾ ಬಂದವಳು ನಾನೇ ಅಲ್ಲವೇ?