ಗೌನು ಹಾಕಿದ ಫೋಟೊ

ವೆಲ್ಡಿಂಗ್ ಅಂಗಡಿಯವನನ್ನು ಬೀದಿಯವರೆಲ್ಲ ಕಿಡಿ ಅಂತಲೇ ಕರೆಯುತ್ತಿದ್ದರು. ಕಬ್ಬಿಣ ಕೆಂಪಾಗುವ ಮೊದಲೇ ಅವನ ಮುಖ ಕೆಂಪಾಗುತ್ತಿತ್ತು. ಐದನೇ ಕ್ಲಾಸಿಗೇ ಶಾಲೆ ಬಿಟ್ಟವನು, ಆದರೆ ತಂಗಿಯನ್ನು ಡಿಗ್ರಿ ಓದಿಸಿದ್ದ. ಅವಳು ಕರಿ ಗೌನು ಹಾಕಿ ನಿಂತ ಫೋಟೊ ಅಂಗಡಿಯ ಗೋಡೆಯ ಮೇಲಿತ್ತು. ಗೇಟು ಮಾಡಿಸಲು ಬಂದವರು ಅದನ್ನು ನೋಡದೆ ಹೋಗಲು ಅವನು ಬಿಡುತ್ತಿರಲಿಲ್ಲ.

ಅದು ಇತಿಹಾಸದ ಡಿಗ್ರಿ. ನಡೆದು ಹೋಗುವಷ್ಟು ದೂರದ ಕಾಲೇಜಿನಲ್ಲಿ ಇದ್ದದ್ದು ಅದೊಂದೇ. ಅದನ್ನು ಹಿಡಿದು ಅಲೆದ ತಂಗಿಗೆ ಕೊನೆಗೆ ಸಿಕ್ಕಿದ್ದು ಆಸ್ಪತ್ರೆಯ ಆಯಾ ಕೆಲಸ. ರೋಗಿಗಳ ಬೆನ್ನು ಒರೆಸುತ್ತ, ಹಾಸಿಗೆ ಬದಲಿಸುತ್ತ ಅವಳಿಗೆ ನರ್ಸ್ ಆಗುವ ಹಟ ಹಿಡಿಯಿತು. ಪರೀಕ್ಷೆ ಬರೆದಳು, ನರ್ಸಿಂಗ್ ಡಿಗ್ರಿಗೆ ಸೀಟೂ ಸಿಕ್ಕಿತು. ವಾರದೊಳಗೆ ಫೀಸು ಕಟ್ಟದಿದ್ದರೆ ಸೀಟು ಬೇರೆಯವರ ಪಾಲು.

ಶಿಕ್ಷಣ ಸಾಲದ ಅರ್ಜಿಗೆ ಅವಳು ಕೊಟ್ಟ ಸಾದಾ ಫೋಟೊ ಕಿಡಿಗೆ ಸಪ್ಪೆ ಅನ್ನಿಸಿತು. ಗೌನಿನ ಫೋಟೊದ ಸಣ್ಣ ಪ್ರತಿ ತೆಗೆಸಿ ತಾನೇ ಅಂಟಿಸಿದ. ಓದಿದ ಹುಡುಗಿ ಅಂತ ಗೊತ್ತಾದರೆ ಕುರ್ಚಿ ಹಾಕಿ ಕೂರಿಸಿ ಸಾಲ ಕೊಡುತ್ತಾರೆ ಅಂತ ಅವನ ಎಣಿಕೆ.

ಬ್ಯಾಂಕಿನ ಅಧಿಕಾರಿ ಫೋಟೊ ನೋಡಿ ನಕ್ಕ. “ಏನಮ್ಮಾ, ಆಗಲೇ ಗೌನು ಹಾಕ್ಕೊಂಡೇ ಬಂದಿದ್ದೀಯ. ಈ ಸಾಲ ಮೊದಲನೇ ಡಿಗ್ರಿಗೆ ಮಾತ್ರ. ಇನ್ನೊಂದಕ್ಕೆ ಬರಲ್ಲ.”

“ಆ ಮೊದಲನೇದಕ್ಕೆ ನಿಮ್ಮ ಹತ್ರ ಸಾಲ ಕೇಳಿದ್ವಾ ಸ್ವಾಮಿ?” ಅಂದ ಕಿಡಿ.

“ಕೇಳದಿದ್ರೂ ಅಷ್ಟೇ. ನಿಯಮ ಅಂದ್ರೆ ನಿಯಮ. ಬೇಕಾದ್ರೆ ನೀವು ಹನ್ನೆರಡನೇ ಕ್ಲಾಸ್ ಮುಗಿಸಿ ಬನ್ನಿ, ನಿಮಗೆ ಕೊಡ್ತೀವಿ.”

“ಅಂದ್ರೆ ಇವಳು ಆ ಮೂರು ವರ್ಷ ಮನೇಲಿ ಗೊರಕೆ ಹೊಡೆದಿದ್ರೆ ಇವತ್ತು ಸಾಲ ಸಿಗ್ತಿತ್ತು. ಓದಿದ್ದಕ್ಕೆ ದಂಡ.”

“ಮುಂದಿನವರು ಬನ್ನಿ,” ಅಂದ ಅಧಿಕಾರಿ.

ಕಿಡಿ ಮೇಜಿಗೆ ಗುದ್ದಿದ. ಪೆನ್ನಿನ ಡಬ್ಬಿ ಉರುಳಿತು. ಕಾವಲುಗಾರ ಓಡಿ ಬಂದು ಅವನ ರಟ್ಟೆ ಹಿಡಿದ. ನಿಯಮ ಮಾಡಿದ ಪುಣ್ಯಾತ್ಮ ಒಂದೇ ಒಂದು ದಿನ ರೋಗಿಯ ಮಲ ಬಳಿದಿದ್ದರೆ ಗೊತ್ತಾಗುತ್ತಿತ್ತು, ನರ್ಸ್ ಬೇಕೋ ಬೇಡವೋ ಅಂತ. ತಂಗಿ ಪೆನ್ನುಗಳನ್ನು ಹೆಕ್ಕಿ ಡಬ್ಬಿಗೆ ಹಾಕಿ ಕೇಳಿದಳು, “ಇದಕ್ಕೆ ವಿನಾಯಿತಿ ಕೊಡೋರು ಯಾರು ಸಾರ್?”

“ಮುಖ್ಯ ಕಚೇರಿಯವರು. ಕೊಟ್ಟಿದ್ದು ನಾನಂತೂ ನೋಡಿಲ್ಲ.”

ಅಂಗಡಿಗೆ ಬಂದವನೇ ಕಿಡಿ ಗೋಡೆಯ ಫೋಟೊ ಕಿತ್ತು ಸುತ್ತಿಗೆ ಎತ್ತಿದ. “ಇದರಿಂದಲೇ ಎಲ್ಲಾ ಹಾಳಾಯ್ತು. ನಾನೇ ಹೋಗಿ ಅಂಟಿಸಿದೆ.”

“ಅಂಟಿಸದಿದ್ರೆ ನಾನೇನು ಡಿಗ್ರಿ ಬಚ್ಚಿಡ್ತಿದ್ನಾ? ಅರ್ಜೀಲೇ ಬರೆದಿದ್ದೆ. ಅದನ್ನ ಅಲ್ಲೇ ತಗಲಾಕಣ್ಣ. ಓದಿದ್ದಕ್ಕೆ ನಾನ್ಯಾಕೆ ತಲೆ ತಗ್ಗಿಸ್ಲಿ?”

ಕಿಡಿ ಅದೇ ಸುತ್ತಿಗೆಯಿಂದ ಸಡಿಲವಾಗಿದ್ದ ಮೊಳೆಗೆ ಎರಡೇಟು ಹಾಕಿ ಫೋಟೊ ತೂಗುಹಾಕಿದ.

“ನಾಳೆ ಮುಖ್ಯ ಕಚೇರಿಗೆ ಹೋಗೋಣ,” ಅಂದಳು. “ಮಾತು ನನ್ನದು. ನೀನು ತುಟಿ ಪಿಟಕ್ಕನ್ನಬಾರದು.”

“ಅವರೂ ನಕ್ಕರೆ?”

“ಆಮೇಲೆ ನಿನ್ನ ಸರದಿ. ಸುತ್ತಿಗೆ ಮಾತ್ರ ಇಲ್ಲೇ ಬಿಟ್ಟು ಬಾ.”